ಬಂದರಿನ ವೈಂಡಿಂಗ್ ಅಂಗಡಿ: ಯೆಜ್ಡಿ ಕಾಯಿಲ್ ಕೆಲಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್

ಹಳೇ ಟೂ-ಸ್ಟ್ರೋಕ್ ಗಾಡಿ ಇಟ್ಕೊಂಡವರಿಗೆ ಕರೆಂಟ್ ಪ್ರಾಬ್ಲಮ್ ಬಂದ್ರೆ (ಪ್ಲಗ್ಗಿಗೆ ಬರುವ ಕರೆಂಟ್ ಮಾರಾಯ್ರೆ, ಮೆಸ್ಕಾಂದಲ್ಲ) ಮಂಗ್ಳೂರಲ್ಲಿ ಹೋಗ್ಲಿಕ್ಕೆ ಒಂದು ಜಾಗ ಉಂಟು. ಬಂದರ್ ಕಡೆ, ದಕ್ಕೆಗೆ (ಬೋಟು ನಿಲ್ಲುವ ಕಟ್ಟೆಗೆ) ಇಳಿಯುವ ರಸ್ತೆಗಳಲ್ಲಿ ಒಂದು ಓಣಿಯೊಳಗೆ. ಹೆಸ್ರು ಬರೀಲಿಕ್ಕೆ ಹೋಗುದಿಲ್ಲ, ಯಾಕಂದ್ರೆ ಅವರೇ ಬೇಡ ಅಂದ್ರು, "ಬರ್ದ್ರೆ ಎಲ್ಲಾ ಸ್ಕೂಟರಿನವರು ಬಂದು ನಿಲ್ತಾರೆ, ಬೋಟಿನ ಕೆಲಸ ಯಾರು ಮಾಡುದು" ಅಂತ. ಬೋರ್ಡ್ ಉಂಟು ಆದ್ರೆ ಓದ್ಲಿಕ್ಕೆ ಆಗುದಿಲ್ಲ, ಉಪ್ಪು ಗಾಳಿಗೆ ಪೈಂಟ್ ಎಲ್ಲ ಎದ್ದು ಹೋಗಿದೆ. ಬಂದರಲ್ಲಿ ಯಾವುದಾದ್ರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಟಿನ ಡೈನಮೋ ವೈಂಡಿಂಗ್ ಮಾಡುವವರು ಎಲ್ಲಿ ಅಂತ ಕೇಳಿದ್ರೆ ತೋರಿಸ್ತಾರೆ.

ಒಂದು ವಿಷಯ ಮೊದ್ಲೇ ಗೊತ್ತಿರ್ಲಿ, ಇದು ಗ್ಯಾರೇಜ್ ಅಲ್ಲ. ಕಾರ್ಬೊರೇಟರ್ ಮುಟ್ಟುದಿಲ್ಲ, ಕ್ಲಚ್ ಮುಟ್ಟುದಿಲ್ಲ, ಚೈನ್ ಸಡಿಲ ಆಗಿದೆ ಅಂದ್ರೆ ನಿಮ್ಮನ್ನೇ ಒಮ್ಮೆ ನೋಡ್ತಾರೆ ಅಷ್ಟೆ. ವಯರ್ ಇದ್ರೆ, ಅದರಲ್ಲಿ ಕರೆಂಟ್ ಹರಿದ್ರೆ ಮಾತ್ರ ಅವರ ಲೆಕ್ಕಕ್ಕೆ.

ನಮ್ಮದು ಯೆಜ್ಡಿ ರೋಡ್‌ಕಿಂಗ್, 6 ವೋಲ್ಟಿನದ್ದು, ಪಾಯಿಂಟ್ (ಎಂಜಿನ್ ತಿರುಗುವಾಗ ಕಾಯಿಲಿನ ಕರೆಂಟ್ ಬಿಟ್ಟು ಕಟ್ ಮಾಡುವ ಸಣ್ಣ ಸ್ವಿಚ್) ಇರುವ ಮಾಡೆಲ್. ಮಾವನ ಗಾಡಿ, ಈಗ ನನ್ನ ಹತ್ರ ಉಂಟು. ಮೈಸೂರಲ್ಲಿ ಐಡಿಯಲ್ ಜಾವಾದವರು 1961ರಿಂದ ಗಾಡಿ ಮಾಡ್ಲಿಕ್ಕೆ ಶುರು ಮಾಡಿ 1996ಕ್ಕೆ ಬಾಗಿಲು ಹಾಕಿದ್ರಲ್ಲ, ಅಲ್ಲಿಂದ ಬಂದದ್ದು. ಈಗ ಶೋರೂಮಲ್ಲಿ ಜಾವಾ ಯೆಜ್ಡಿ ಅಂತ ಮಾರುದು ಬೇರೆ ಕಂಪೆನಿಯದ್ದು, ಫೋರ್-ಸ್ಟ್ರೋಕ್, ಅಲ್ಲಿ ಹೋಗಿ ಹಳೇ ಗಾಡಿಯ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಸಾಮಾನು) ಕೇಳಿದ್ರೆ ಎಂತದೂ ಸಿಗುದಿಲ್ಲ. ಸುಮಾರು ಜನ ಕೇಳ್ತಾರೆ ಇದನ್ನು, ಅದಕ್ಕೆ ಹೇಳಿದ್ದು.

ಗಾಡಿಯ ಕಾಯಿಲೆ ಎಂತದ್ದು ಅಂದ್ರೆ, ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್, ಕೊಟ್ಟಾರ ಚೌಕಿ, ಕೂಳೂರು ಸೇತುವೆ, ಪಣಂಬೂರು ಎಲ್ಲ ಚಂದ ಹೋಗ್ತದೆ, ಸುರತ್ಕಲ್ ದಾಟಿದ ಮೇಲೆ ಸಣ್ಣಕ್ಕೆ ಮಿಸ್ ಹೊಡೀಲಿಕ್ಕೆ ಶುರು, ಸೈಲೆನ್ಸರಲ್ಲಿ ಟಪ್ ಟಪ್ ಅಂತದೆ, ಮೂಲ್ಕಿ ಬರುವಷ್ಟರಲ್ಲಿ ಪೂರ್ತಿ ಬಂದ್. ಮತ್ತೆ ಎಷ್ಟು ಕಿಕ್ ಹೊಡೆದ್ರೂ ಇಲ್ಲ. ರಸ್ತೆ ಬದಿ ನಿಲ್ಲಿಸಿ ಒಂದು ಚಾ ಕುಡಿದು ಬನ್ನಿ, ಏನೂ ಆಗ್ಲಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗ್ತದೆ, ಪುನಃ ಸ್ವಲ್ಪ ದೂರ ಹೋಗಿ ಅದೇ ಕತೆ. ಈ ಕಾಯಿಲೆಯ ದೊಡ್ಡ ತೊಂದ್ರೆ ಎಂತದು ಗೊತ್ತುಂಟಾ, ಗ್ಯಾರೇಜಿಗೆ ತಗೊಂಡು ಹೋದ್ರೆ ಅಲ್ಲಿ ಗಾಡಿ ತಣ್ಣಗೆ ಆಗಿರ್ತದೆ, ಮೆಕ್ಯಾನಿಕ್ ಕಿಕ್ ಹೊಡೆದ ಕೂಡ್ಲೇ ಸ್ಟಾರ್ಟ್ ಆಗಿ ನಮ್ಮ ಮರ್ಯಾದೆ ತೆಗೀತದೆ.

ಇಲ್ಲಿಗೆ ಬರುವ ಮೊದ್ಲು ಬೇರೆ ಕಡೆ ತೋರಿಸಿ ಆಗಿತ್ತು. ಒಬ್ರು ಕಾರ್ಬೊರೇಟರ್ ಕ್ಲೀನ್ ಮಾಡಿದ್ರು. ಇನ್ನೊಬ್ರು ಪ್ಲಗ್ ಬದ್ಲಿಸಿದ್ರು, ಅದು ಸರಿ ಆಗ್ದಿದ್ದಕ್ಕೆ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಹೋಗಿದೆ, ರೀಬೋರ್ ಮಾಡಿ ಪಿಸ್ಟನ್ ಹಾಕ್ಬೇಕು ಅಂತ ದೊಡ್ಡ ಎಸ್ಟಿಮೇಟ್ ಬರೆದು ಕೈಗೆ ಕೊಟ್ರು. ಮತ್ತೊಂದು ಕಡೆ ಸಲಹೆ ಇನ್ನೂ ಸುಲಭದ್ದು, 12 ವೋಲ್ಟಿನ ಸ್ಕೂಟರ್ ಕಾಯಿಲ್ ಒಂದು ಹಾಕಿಬಿಡುವ ಅಂತ. ಇವರೆಲ್ಲ ಕೆಟ್ಟವರು ಅಂತ ನಾನು ಹೇಳುದಿಲ್ಲ, ಆದ್ರೆ ಒಬ್ರಾದ್ರೂ ಗಾಡಿ ಬಂದ್ ಆಗುವವರೆಗೆ ಓಡಿಸಿ ನೋಡ್ಲಿಲ್ಲ. ಸಾಮಾನು ಬದಲಿಸ್ತಾ ಹೋಗುದಕ್ಕೂ ರಿಪೇರಿಗೂ ವ್ಯತ್ಯಾಸ ಇಲ್ವಾ?

ಬಂದರಿನ ಅಂಗಡಿ ಹೊರಗಿಂದ ನೋಡ್ಲಿಕ್ಕೆ ಎಂತದೂ ಇಲ್ಲ. ಹಂಚಿನ ಮಾಡು, ಒಳಗೆ ಹೋದ್ರೆ ವಾರ್ನಿಶ್ ವಾಸನೆ ಮೂಗಿಗೆ ಹೊಡೀತದೆ, ಗೋಡೆ ಉದ್ದಕ್ಕೆ ತಾಮ್ರದ ತಂತಿಯ ಸುರುಳಿಗಳು, ನೆಲದಲ್ಲಿ ಬೋಟಿನ ಸೆಲ್ಫ್ ಮೋಟರು, ಡೈನಮೋ, ಬಾವಿ ಪಂಪಿನ ಮೋಟರು ಎಲ್ಲ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರ್ತವೆ. ಕೂರ್ಲಿಕ್ಕೆ ಒಂದು ಸ್ಟೂಲ್, ಅದ್ರಲ್ಲೂ ಗ್ರೀಸ್. ಬಿಳಿ ಪ್ಯಾಂಟ್ ಹಾಕ್ಕೊಂಡು ಹೋಗ್ಬೇಡಿ. ನಡೆಸುವವರಿಗೆ ವಯಸ್ಸಾಗಿದೆ, ನಾನು ಅಣ್ಣ ಅಂತಲೇ ಕರೆಯುದು, ಮಾತು ಅರ್ಧ ಕನ್ನಡ ಅರ್ಧ ತುಳು, ಅದೂ ಬೇಕಾದಷ್ಟೇ.

ನಾನು ಗಾಡಿ ನಿಲ್ಲಿಸಿ ಎಲ್ಲ ಕತೆ ಹೇಳಿದೆ. ಗಾಡಿ ಮುಟ್ಲೇ ಇಲ್ಲ ಅವರು. ಕೇಳಿದ್ದು ಒಂದೇ ಪ್ರಶ್ನೆ, "ಬಂದ್ ಆದಾಗ ಪ್ಲಗ್ ಬಿಚ್ಚಿ ನೋಡಿದ್ದೀರಾ? ಒದ್ದೆ ಇತ್ತಾ, ಒಣಗಿತ್ತಾ?"

ಇಷ್ಟು ಜನ ಮೆಕ್ಯಾನಿಕ್‌ಗಳ ಹತ್ರ ಹೋಗಿ ಯಾರೂ ಕೇಳದ ಪ್ರಶ್ನೆ ಇದು, ಆದ್ರೆ ಯೋಚಿಸಿ ನೋಡಿದ್ರೆ ಎಲ್ಲ ಇದರ ಮೇಲೆಯೇ ನಿಂತಿರುದು. ಬಂದ್ ಆದ ಮೇಲೆ ನಾಲ್ಕು ಕಿಕ್ ಹೊಡೆದು ಪ್ಲಗ್ ಬಿಚ್ಚಿದಾಗ ತುದಿ ಪೆಟ್ರೋಲಲ್ಲಿ ಒದ್ದೆ ಇದ್ರೆ ಪೆಟ್ರೋಲ್ ಬರ್ತಾ ಉಂಟು, ಉರಿಯುದಿಲ್ಲ ಅಂತ ಅರ್ಥ, ಕರೆಂಟ್ ಕಡೆ ನೋಡ್ಬೇಕು. ಒಣಗಿದ್ರೆ ಪೆಟ್ರೋಲೇ ಬರುದಿಲ್ಲ, ಟ್ಯಾಂಕು, ಕಾಕ್, ಕಾರ್ಬೊರೇಟರ್ ಕಡೆ ನೋಡ್ಬೇಕು. ಮತ್ತೆ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗ್ಲಿಕ್ಕೆ ಒಂದು ಸಣ್ಣ ತೂತು ಇರ್ತದಲ್ಲ, ಅದು ಕಟ್ಟಿದ್ರೂ ಸರಿಯಾಗಿ ಇದೇ ಲಕ್ಷಣ ಬರ್ತದೆ ಅಂದ್ರು. ಸ್ವಲ್ಪ ದೂರ ಹೋದ ಮೇಲೆ ಟ್ಯಾಂಕೊಳಗೆ ಗಾಳಿ ಎಳೀತದೆ, ಪೆಟ್ರೋಲ್ ಇಳಿಯುದಿಲ್ಲ, ಗಾಡಿ ನಿಲ್ತದೆ, ನಾವು ಚಾ ಕುಡಿದು ಬರುವಷ್ಟರಲ್ಲಿ ನಿಧಾನಕ್ಕೆ ಗಾಳಿ ಒಳಗೆ ಹೋಗಿ ಪುನಃ ಸ್ಟಾರ್ಟ್. ಎಷ್ಟು ಜನ ಈ ತೂತಿನ ದೆಸೆಯಿಂದ ಒಳ್ಳೇ ಕಾಯಿಲ್ ಬಿಸಾಡಿದ್ದಾರೋ ಏನೋ.

ಹಾಗಾಗಿ ನನಗೆ ಹೋಂವರ್ಕ್ ಕೊಟ್ಟು ವಾಪಸ್ ಕಳಿಸಿದ್ರು. ದುಡ್ಡೂ ತಗೊಳ್ಳಿಲ್ಲ. ಪ್ಲಗ್ ಸ್ಪಾನರ್ ಹಿಡ್ಕೊಂಡು ಹೈವೇಗೆ ಹೋಗಿ, ಗಾಡಿ ಬಂದ್ ಆದ ಕೂಡ್ಲೇ ಮೊದ್ಲು ಟ್ಯಾಂಕ್ ಮುಚ್ಚಳ ತೆಗೆದು ಕಿಕ್ ಹೊಡೀಬೇಕು, ಆಗ್ಲಿಲ್ಲ ಅಂದ್ರೆ ಪ್ಲಗ್ ಬಿಚ್ಚಿ ನೋಡ್ಬೇಕು. ಮುಚ್ಚಳ ತೆಗೆದ್ರೂ ಗಾಡಿ ಸತ್ತದ್ದು ಸತ್ತದ್ದೇ, ಪ್ಲಗ್ ಮಾತ್ರ ಒದ್ದೆ ಮುದ್ದೆ. ಅದನ್ನು ಹೆಡ್ಡಿಗೆ ಒತ್ತಿ ಹಿಡಿದು ಕಿಕ್ ಹೊಡೆದಾಗ ಕಿಡಿ ಬಂತು, ಆದ್ರೆ ಹಳದಿ ಬಣ್ಣದ್ದು, ಬಡಕಲು, ಒಮ್ಮೆ ಬಂದ್ರೆ ಒಮ್ಮೆ ಇಲ್ಲ. ಸರಿ ಇದ್ರೆ ನೀಲಿ ಬರ್ಬೇಕು, ಚಟ್ ಅಂತ ಶಬ್ದ ಕೇಳ್ಬೇಕು. (ಬಿಸಿ ಎಂಜಿನಿನ ಪ್ಲಗ್ ಬಿಚ್ಚುವಾಗ ದಪ್ಪ ಬಟ್ಟೆ ಇಟ್ಕೊಳ್ಳಿ, ಮತ್ತೆ ಪ್ಲಗ್ ತೂತಿನ ಹತ್ರ ಕಿಡಿ ಹಾರಿಸ್ಬೇಡಿ, ಅಲ್ಲಿಂದ ಪೆಟ್ರೋಲ್ ಹಬೆ ಬರ್ತಾ ಇರ್ತದೆ.)

ಪುನಃ ಅಂಗಡಿಗೆ ಬಂದು ಹೇಳಿದ್ದಕ್ಕೆ ಅವರು ಈಗ ಇಬ್ರೇ ಕಳ್ಳರು ಉಳಿದದ್ದು, ಕಂಡೆನ್ಸರ್ ಮತ್ತೆ ಕಾಯಿಲ್ ಅಂದ್ರು. ಎರಡೂ ಬಿಸಿಗೆ ಕೈ ಕೊಡುವಂಥದ್ದೇ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೇನೆ. ಕಾಯಿಲಿನೊಳಗೆ ಎರಡು ಸುತ್ತು ಉಂಟು, ಒಂದು ದಪ್ಪ ತಂತಿಯ ಕೆಲವು ನೂರು ಸುತ್ತು, ಇನ್ನೊಂದು ಸಣ್ಣ ತಂತಿಯ ಸಾವಿರಾರು ಸುತ್ತು, ಮಧ್ಯೆ ಕಬ್ಬಿಣದ ಪಟ್ಟಿಗಳು. ಬ್ಯಾಟರಿಯ 6 ವೋಲ್ಟ್ ದಪ್ಪ ತಂತಿಯಲ್ಲಿ ಹರಿದು ಪಾಯಿಂಟ್ ಮೂಲಕ ಅರ್ತಿಗೆ ಹೋಗ್ತಾ ಇರ್ತದೆ, ಎಂಜಿನ್ ತಿರುಗಿ ಪಾಯಿಂಟ್ ಬಿಟ್ಟುಕೊಂಡ ಆ ಕ್ಷಣ ಹರಿವು ಫಕ್ಕನೆ ನಿಲ್ತದೆ, ಆಗ ಸಣ್ಣ ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಹುಟ್ಟಿ ಪ್ಲಗ್ಗಿಗೆ ಹೋಗಿ ಕಿಡಿ ಹಾರ್ತದೆ. ಫಕ್ಕನೆ ನಿಲ್ಬೇಕು ಅನ್ನುದೇ ಮುಖ್ಯ. ಅದಕ್ಕೇ ಕಂಡೆನ್ಸರ್ ಇರುದು, ಪಾಯಿಂಟ್ ಬಿಡುವಾಗ ಅಲ್ಲೇ ಕಿಡಿ ಹಾರಿ ಕರೆಂಟ್ ಎಳ್ಕೊಂಡು ಹೋಗದ ಹಾಗೆ ಅದು ನುಂಗ್ತದೆ. ಕಂಡೆನ್ಸರ್ ಹೋದ್ರೆ ಪಾಯಿಂಟಲ್ಲಿ ದೊಡ್ಡ ಕಿಡಿ, ಪ್ಲಗ್ಗಲ್ಲಿ ಸಣ್ಣ ಕಿಡಿ, ಪಾಯಿಂಟಿನ ಮುಖ ಸುಟ್ಟು ಒಂದು ಕಡೆ ಗುಂಡಿ ಒಂದು ಕಡೆ ಗುಡ್ಡೆ ಆಗಿರ್ತದೆ.

ಬಲಗಡೆಯ ಕವರ್ ಬಿಚ್ಚಿ ನೋಡಿದ್ರು, ಪಾಯಿಂಟಿನ ಮುಖ ಬೂದು ಬಣ್ಣಕ್ಕೆ ಚೊಕ್ಕ ಇತ್ತು. ಅಲ್ಲಿಗೇ ಅವರಿಗೆ ಅಂದಾಜು ಆಗಿದೆ, ಆದ್ರೂ ಬಿಡ್ಲಿಲ್ಲ. ಹಳೇ ಕಂಡೆನ್ಸರಿನ ವಯರ್ ಕಳಚಿ, ತನ್ನ ಡಬ್ಬದಿಂದ ಸರಿ ಇರುವ ಒಂದನ್ನು ತೆಗೆದು ಹೊರಗಿಂದಲೇ ಕ್ಲಿಪ್ಪಲ್ಲಿ ಕಟ್ಟಿ, "ಪಣಂಬೂರು ದಾಟಿ ಹೋಗಿ ಬನ್ನಿ" ಅಂದ್ರು. ಹೋದೆ. ಸುರತ್ಕಲ್ ದಾಟಿದ ಮೇಲೆ ಅದೇ ಮಿಸ್, ಅದೇ ಟಪ್ ಟಪ್. ಕಂಡೆನ್ಸರ್ ನಿರಪರಾಧಿ ಅಂತ ಆಯ್ತು.

ಇನ್ನು ನಾನು ಈ ರಿವ್ಯೂ ಬರೀಲಿಕ್ಕೆ ಕೂತದ್ದೇ ಯಾವ ವಿಷಯಕ್ಕೋ ಅದು. ಕಾಯಿಲ್ ಬಿಚ್ಚಿ ಟೇಬಲ್ ಮೇಲೆ ಇಟ್ಟು ಮುಳ್ಳಿನ ಮೀಟರ್ ಹಚ್ಚಿದ್ರು, ಡಿಜಿಟಲ್ ಅಲ್ಲ, ಹಳೇದು. ದಪ್ಪ ಸುತ್ತು ಒಂದೂವರೆ ಓಮ್ಸ್ ಆಸುಪಾಸು, ಸಣ್ಣ ಸುತ್ತು ಕೆಲವು ಸಾವಿರ ಓಮ್ಸ್, ಎರಡೂ ಸರಿ. ಬೇರೆ ಕಡೆ ಆಗಿದ್ರೆ ಇಲ್ಲಿಗೆ ಕಾಯಿಲ್ ಪಾಸ್, ಕತೆ ಪುನಃ ಕಾರ್ಬೊರೇಟರಿಗೆ ಹೋಗ್ತಿತ್ತು. ಇವರು ಮೂಲೆಯಿಂದ ದೊಡ್ಡ ಬಿಸ್ಕತ್ ಟಿನ್ ಒಂದು ತಂದ್ರು, ಒಳಗೆ 100 ವ್ಯಾಟಿನ ಹಳೇ ಬಲ್ಬ್ ಕೂರಿಸಿದ್ದಾರೆ, ಮುಚ್ಚಳದಲ್ಲಿ ವಯರ್ ಹೋಗ್ಲಿಕ್ಕೆ ತೂತು. ಕಾಯಿಲನ್ನು ಒಳಗೆ ಇಟ್ಟು, ಮೀಟರಿನ ವಯರ್ ಹೊರಗೆ ಎಳೆದು, ಬಲ್ಬ್ ಸ್ವಿಚ್ ಹಾಕಿ, ನನ್ನ ಮುಖ ನೋಡಿ "ತೂಕ, ಬೆಚ್ಚ ಆವಡ್" (ನೋಡುವ, ಬಿಸಿ ಆಗ್ಲಿ) ಅಂತ ತುಳುವಲ್ಲಿ ಹೇಳಿ ಸೆಲ್ಫ್ ಮೋಟರಿನ ಕೆಲಸಕ್ಕೆ ಕೂತ್ರು.

ನಾನು ಆ ಸ್ಟೂಲಲ್ಲಿ ಕೂತು ಮುಳ್ಳನ್ನೇ ನೋಡ್ತಾ ಇದ್ದೆ. ತಾಮ್ರ ಬಿಸಿ ಆದ್ರೆ ಓಮ್ಸ್ ಏರುದು ಸಹಜ, 50 ಡಿಗ್ರಿ ಬಿಸಿ ಏರಿದ್ರೆ ಸುಮಾರು ಶೇ. 20 ಜಾಸ್ತಿ ತೋರಿಸ್ತದೆ, ಅದಕ್ಕೆ ಹೆದರ್ಬೇಕಾಗಿಲ್ಲ ಅಂತ ಮೊದ್ಲೇ ಹೇಳಿದ್ರು. ಮುಳ್ಳು ಹಾಗೇ ನಿಧಾನಕ್ಕೆ ಸರೀತಾ ಇತ್ತು. ಟಿನ್ ಕೈಯಲ್ಲಿ ಮುಟ್ಲಿಕ್ಕೆ ಆಗದಷ್ಟು ಬಿಸಿ ಆದಾಗ ಒಮ್ಮೆ ನಡುಗಿತು, ಪುನಃ ಜಾಗಕ್ಕೆ ಬಂತು, ಇನ್ನೊಮ್ಮೆ ನಡುಗಿ ಸೀದಾ ಕೊನೆಗೆ ಹೋಗಿ ಬಿತ್ತು, ವಾಪಸ್ ಬರ್ಲೇ ಇಲ್ಲ. ಅಂದ್ರೆ ಸಣ್ಣ ತಂತಿ ಒಳಗೆ ಎಲ್ಲಿಯೋ ತುಂಡಾಗಿದೆ, ತಣ್ಣಗೆ ಇದ್ದಾಗ ಎರಡು ತುದಿ ತಾಗಿಕೊಂಡು ಇರ್ತದೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ತದೆ. ಬಿಟ್ಟುಕೊಂಡ ಜಾಗದಲ್ಲೂ ಕರೆಂಟ್ ಹಾರ್ತದೆ, ಆದ್ರೆ ಅಲ್ಲೇ ಅರ್ಧ ಶಕ್ತಿ ಖರ್ಚು, ಪ್ಲಗ್ಗಿಗೆ ಬರುದು ಉಳಿದ ಆ ಹಳದಿ ಬಡಕಲು.

ನನಗೆ ಇಷ್ಟು ಸಾಕಿತ್ತು, ಅವರಿಗೆ ಸಾಕಾಗ್ಲಿಲ್ಲ. ಮರದ ಹಲಗೆಗೆ ಎರಡು ಮೊಳೆ ಹೊಡೆದು ಮಧ್ಯೆ ಏಳೆಂಟು ಮಿ.ಮೀ. ಜಾಗ ಬಿಟ್ಟಿದ್ದಾರೆ, ಹಳೇ ಕಾರಿನ ಡಿಸ್ಟ್ರಿಬ್ಯೂಟರ್ ಒಂದನ್ನು ಪಾಯಿಂಟ್ ಸಮೇತ ಹಿಡಿಕೆ ಹಾಕಿ ಕೈಯಲ್ಲಿ ತಿರುಗಿಸುವ ಹಾಗೆ ಮಾಡಿದ್ದಾರೆ. ಸರಿ ಇರುವ ಕಾಯಿಲ್ ಹಚ್ಚಿ ತಿರುಗಿಸಿದಾಗ ಮೊಳೆಯಿಂದ ಮೊಳೆಗೆ ಚಟ ಚಟ ಅಂತ ನೀಲಿ ಕಿಡಿ. ನಮ್ಮ ಬಿಸಿ ಕಾಯಿಲ್ ಹಚ್ಚಿದ್ರೆ ಏನೂ ಇಲ್ಲ, ಮೊಳೆ ಹತ್ರ ತಂದು ಎರಡು ಮೂರು ಮಿ.ಮೀ. ಮಾಡಿದಾಗ ಮಾತ್ರ ಅಷ್ಟಿಷ್ಟು ಹಾರಿತು. ಇಷ್ಟು ತೋರಿಸಿದ ಮೇಲೆಯೇ "ಕಾಯಿಲ್ ಹೋಗಿದೆ" ಅನ್ನುವ ಮಾತು ಅವರ ಬಾಯಿಂದ ಬಂದದ್ದು. ಊರಲ್ಲಿ ಎಷ್ಟೋ ಕಡೆ ಆ ಮಾತು ಗಾಡಿ ಸ್ಟ್ಯಾಂಡ್ ಹಾಕುವ ಮೊದ್ಲೇ ಬರ್ತದೆ.

ವೈಂಡಿಂಗ್ ಅಂಗಡಿ ಅಲ್ವಾ, ಹಾಗಾದ್ರೆ ಇದನ್ನೇ ರೀವೈಂಡ್ ಮಾಡಿ ಕೊಡಿ ಅಂತ ನಾನು ಕೇಳಿದೆ. ಒರಿಜಿನಲ್ ಕಾಯಿಲ್ ಇರ್ಲಿ ಅನ್ನುವ ಆಸೆ ಇದ್ದೇ ಇರ್ತದಲ್ಲ ಹಳೇ ಗಾಡಿಯವರಿಗೆ. ಆಗುದಿಲ್ಲ ಅಂದ್ರು. ದುಡ್ಡು ಮಾಡ್ಬೇಕು ಅಂತ ಇದ್ದಿದ್ರೆ ಹೂಂ ಅನ್ಬಹುದಿತ್ತು. ಯಾಕೆ ಆಗುದಿಲ್ಲ ಅಂತ ಕೇಳಿದ್ದಕ್ಕೆ ಹಿಂದೆ ಹೋಗಿ, ಹ್ಯಾಕ್ಸಾದಲ್ಲಿ ಅಡ್ಡ ಕುಯ್ದ ಒಂದು ಸತ್ತ ಕಾಯಿಲ್ ತಂದು ಕೈಗೆ ಕೊಟ್ರು. ನಡುವಲ್ಲಿ ಕಬ್ಬಿಣದ ಪಟ್ಟಿ, ಸುತ್ತ ತಾಮ್ರದ ಒಂದೊಂದು ಪದರ, ಪ್ರತೀ ಪದರದ ಮಧ್ಯೆ ಎಣ್ಣೆ ಕುಡಿದ ತೆಳು ಕಾಗದ, ತಂತಿ ತಲೆಕೂದಲಿನಷ್ಟು ಸಣ್ಣ. ಒಂದು ಪದರಕ್ಕೂ ಪಕ್ಕದ ಪದರಕ್ಕೂ ನೂರಾರು ವೋಲ್ಟ್ ವ್ಯತ್ಯಾಸ ಇರ್ತದೆ, ಒಂದೇ ಒಂದು ಸುತ್ತು ಕಾಗದ ದಾಟಿ ಕೆಳಗಿನ ಪದರಕ್ಕೆ ಜಾರಿದ್ರೆ ಅಲ್ಲೇ ತೂತು ಹೊಡೀತದೆ. ಸುತ್ತುದು ಹೇಗಾದ್ರೂ ಸುತ್ತಬಹುದು, ಮತ್ತೆ ಒಳಗಿನ ಗಾಳಿ ಪೂರ್ತಿ ಎಳೆದು ಎಣ್ಣೆಯೋ ಎಪಾಕ್ಸಿಯೋ ತುಂಬಿಸ್ಬೇಕು, ಅದಕ್ಕೆ ವ್ಯಾಕ್ಯೂಮ್ ಮೆಷಿನ್ ಬೇಕು. ಗಾಳಿಯ ಗುಳ್ಳೆ ಉಳಿದ್ರೆ ಕರೆಂಟ್ ಆ ಗುಳ್ಳೆಯನ್ನೇ ಹುಡುಕಿಕೊಂಡು ಹೋಗ್ತದೆ. "ಬೋಟಿನ ಡೈನಮೋ ಬೇರೆ, ಇದು ಬೇರೆ. ನಾನು ಮಾಡಿ ಕೊಟ್ರೆ ಒಂದು ಮಳೆಗಾಲ ಬರುದಿಲ್ಲ" ಅಂದ್ರು.

ಇದನ್ನು ಓದುವವರಿಗೆ ಒಂದು ಮಾತು, ಕಾಯಿಲ್ ರಿಪೇರಿ ಅಂದ್ರೆ ನಿಜವಾಗಿ ರಿಪೇರಿ ಆಗುದು ಹೊರಗಿನ ಭಾಗ ಮಾತ್ರ. ಎಚ್‌ಟಿ ವಯರ್ (ಕಾಯಿಲಿಂದ ಪ್ಲಗ್ಗಿಗೆ ಹೋಗುವ ವಯರ್) ಕಾಯಿಲಿಗೆ ಸೇರುವ ಜಾಗ, ಟರ್ಮಿನಲ್, ಮೇಲಿಂದ ಕಾಣುವ ಸಣ್ಣ ಬಿರುಕು, ಇಷ್ಟೆ. ಇದರಲ್ಲಿ ಯಾವುದಾದ್ರೂ ಒಂದು ಆಗಿದ್ರೆ ನಿಮ್ಮ ಅದೃಷ್ಟ. ಒಳಗಿನ ಸುತ್ತು ಹೋದ್ರೆ ಬೇರೆ ಕಾಯಿಲ್ಲೇ ಗತಿ.

ಬೇರೆ ಕಾಯಿಲ್ ಅಂದಾಗ ಆ 12 ವೋಲ್ಟಿನ ಸಲಹೆ ನೆನಪಾಗಿ ಕೇಳಿದೆ. ನಕ್ಕು ಮೀಟರ್ ಹಚ್ಚಿ ತೋರಿಸಿದ್ರು, ಪಾಯಿಂಟ್ ಗಾಡಿಯ 12 ವೋಲ್ಟ್ ಕಾಯಿಲಿನ ದಪ್ಪ ಸುತ್ತು ನಾಲ್ಕು ಓಮ್ಸ್ ಹತ್ರ ಬರ್ತದೆ. 6 ವೋಲ್ಟನ್ನು ಒಂದೂವರೆ ಓಮ್ಸಿಗೆ ಕೊಟ್ರೆ 4 ಆಂಪ್ಸ್ ಹರೀತದೆ, ನಾಲ್ಕು ಓಮ್ಸಿಗೆ ಕೊಟ್ರೆ ಒಂದೂವರೆಯೇ. ಕಿಡಿ ಬರ್ತದೆ, ಸ್ಟಾರ್ಟೂ ಆಗಬಹುದು, ಲೋಡ್ ಬಿದ್ದಾಗ ಕೈ ಕೊಡ್ತದೆ. ಉಲ್ಟಾ ಮಾಡಿದ್ರೆ, ಅಂದ್ರೆ 6ರ ಕಾಯಿಲ್ 12ಕ್ಕೆ ಹಾಕಿದ್ರೆ ಪಾಯಿಂಟೂ ಸುಡ್ತದೆ, ಕಾಯಿಲೂ ಬೇಯ್ತದೆ. ಸಿಡಿಐ (ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಡಬ್ಬಿ ಇರುವ) ಗಾಡಿಗಳ ಕಾಯಿಲ್ ಅಂತೂ ಬೇಡವೇ ಬೇಡ. ಯಮಹಾ ಆರ್‌ಎಕ್ಸ್ 100ರದ್ದು ನೋಡ್ಲಿಕ್ಕೆ ಚಿಕ್ಕದು, ಫಿಟ್ ಮಾಡ್ಲಿಕ್ಕೆ ಸುಲಭ ಅಂತ ಕೆಲವರು ಹಾಕ್ತಾರೆ. ಅಲ್ಲಿ ಸಿಡಿಐ ಡಬ್ಬಿಯೊಳಗಿನ ಕೆಪಾಸಿಟರ್ ಇನ್ನೂರು ಮುನ್ನೂರು ವೋಲ್ಟನ್ನು ಒಮ್ಮೆಲೇ ಕಾಯಿಲಿಗೆ ಸುರಿಯುದು, ಹಾಗಾಗಿ ಆ ಕಾಯಿಲಿನ ದಪ್ಪ ಸುತ್ತಿನ ಓಮ್ಸ್ ತುಂಬಾ ಕಡಿಮೆ, ಅದನ್ನು ಪಾಯಿಂಟಿಗೆ ಹಚ್ಚಿದ್ರೆ ಪಾಯಿಂಟ್ ಸುಟ್ಟು ಹೋಗ್ತದೆ.

6 ವೋಲ್ಟಿನ ಹೊಸ ಕಾಯಿಲ್ ನಾನು ಜಾವಾ ಯೆಜ್ಡಿ ಸಾಮಾನು ಮಾರುವ ಒಬ್ರ ಹತ್ರ ಮೈಸೂರಿಂದ ತರಿಸಿದೆ. ಅಣ್ಣನ ಹತ್ರ ಸ್ಟಾಕ್ ಇಡುದಿಲ್ಲ, "ಸಾಮಾನು ಮಾರುದು ನನ್ನ ಕೆಲಸ ಅಲ್ಲ" ಅಂತಾರೆ. ನನಗೆ ಕಂಡ ಹಾಗೆ ಇವರ ಮಾತಿನ ಮೇಲೆ ನಂಬಿಕೆ ಬರ್ಲಿಕ್ಕೆ ಇದೂ ಒಂದು ಕಾರಣ, ಕಾಯಿಲ್ ಹೋದ್ರೂ ಅವರಿಗೆ ಒಂದು ರೂಪಾಯಿ ಲಾಭ ಇಲ್ಲ. ಬಂದ ಹೊಸ ಕಾಯಿಲನ್ನೂ ಬಿಡ್ಲಿಲ್ಲ, ಅದನ್ನೂ ಬಿಸ್ಕತ್ ಟಿನ್ನಿಗೆ ಹಾಕಿ ಬಿಸಿ ಮಾಡಿ ಮುಳ್ಳು ನೋಡಿದ ಮೇಲೆಯೇ ಗಾಡಿಗೆ ಹಾಕಿದ್ದು.

ಹಾಕುವಾಗ ಎಚ್‌ಟಿ ವಯರ್ ಹೊಸತು, ತಾಮ್ರದ ಎಳೆ ಇರುವ 7 ಮಿ.ಮೀ.ನದ್ದು. ಹಳೇ ವಯರಿನ ತುದಿ ಕುಯ್ದಾಗ ಒಳಗೆ ಹಸಿರು ಪುಡಿ, ತಾಮ್ರ ತಿಂದು ಹೋಗಿತ್ತು. ನಮ್ಮೂರಿನ ಗಾಳಿಯೇ ಹಾಗೆ, ಒಂದು ಕಡೆ ಸಮುದ್ರದ ಉಪ್ಪು, ಮತ್ತೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೇಲೆ ಮಳೆ, ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ಬರುವ ವಯರ್ ಇಲ್ಲಿ ಬರುದಿಲ್ಲ. ಪಾಯಿಂಟ್ ಗ್ಯಾಪ್ ಫೀಲರ್ ಗೇಜ್ ಹಾಕಿ 0.4 ಮಿ.ಮೀ. ಇಟ್ರು. ಟೈಮಿಂಗ್ (ಪಿಸ್ಟನ್ ಎಲ್ಲಿ ಇರುವಾಗ ಕಿಡಿ ಹಾರ್ತದೆ ಅಂತ) ನೋಡ್ಲಿಕ್ಕೆ ಬೀಡಿ ಕಟ್ಟಿನ ತೆಳು ಕಾಗದದ ಒಂದು ಚೂರು ಪಾಯಿಂಟ್ ಮಧ್ಯೆ ಸಿಕ್ಕಿಸಿ, ಒಂದು ಕೈಯಲ್ಲಿ ಅದನ್ನು ಸಣ್ಣಕ್ಕೆ ಎಳೀತಾ, ಇನ್ನೊಂದು ಕೈಯಲ್ಲಿ ಎಂಜಿನ್ ತಿರುಗಿಸ್ತಾ, ಕಾಗದ ಜಾರಿ ಬಂದ ಜಾಗಕ್ಕೆ ನಿಲ್ಲಿಸಿ ಪ್ಲಗ್ ತೂತಿಂದ ಪಿಸ್ಟನ್ ಎಲ್ಲಿ ಉಂಟು ಅಂತ ಅಳತೆ ಹಾಕಿದ್ರು. ಇದನ್ನು ಬಲ್ಬ್ ಹಚ್ಚಿ ನೋಡುವವರೂ ಇದ್ದಾರೆ, ಕೆಲಸ ಅದೇ.

ಕಾಯಿಲ್ ಯಾಕೆ ಹೋಯ್ತು ಅನ್ನುದಕ್ಕೂ ಒಂದು ಉತ್ತರ ಸಿಕ್ಕಿತು. ವಯಸ್ಸು ಒಂದು, ಮತ್ತೆ ಕೀ ಆನ್ ಇಟ್ಟು ಎಂಜಿನ್ ಆಫ್ ಇರುವುದು. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ರೆ ಆ 4 ಆಂಪ್ಸ್ ನಿಲ್ಲದೆ ಕಾಯಿಲಲ್ಲಿ ಹರೀತಾ ಇರ್ತದೆ, ಕಾಯಿಲ್ ಕಾದು ಒಳಗಿನ ಇನ್ಸುಲೇಶನ್ ಬೇಯ್ತದೆ. ಗ್ಯಾರೇಜುಗಳಲ್ಲಿ ಹಾರ್ನ್ ಲೈಟ್ ಚೆಕ್ ಮಾಡ್ಲಿಕ್ಕೆ ಅಂತ ಕೀ ತಿರುಗಿಸಿ ಹಾಗೇ ಊಟಕ್ಕೆ ಹೋಗುವವರನ್ನು ನಾನೇ ನೋಡಿದ್ದೇನೆ. ಸರ್ವಿಸಿಗೆ ಬಿಡುವಾಗ ಇದನ್ನು ಹೇಳಿ ಬಿಡಿ, ಪಾಯಿಂಟಿನ ಕವರ್ ಬಿಚ್ಚಿದ್ರೆ ಮಧ್ಯೆ ಕಾಗದ ಇಡ್ಲಿಕ್ಕೆ ಹೇಳಿ.

ಈಗ ಒಂದು ಸ್ಟಾರ್ ಯಾಕೆ ಕಡಿಮೆ ಅಂತ. ವಯರ್ ಜಾಯಿಂಟ್. ಇಷ್ಟು ಚಂದ ಪರೀಕ್ಷೆ ಮಾಡುವ ಮನುಷ್ಯ ಕೊನೆಗೆ ಕಾಯಿಲಿನ ವಯರನ್ನು ಬರೀ ತಿರುಚಿ ಕಪ್ಪು ಟೇಪ್ ಸುತ್ತಿ ಬಿಟ್ರು. ನಮ್ಮ ಮಳೆಗೆ ಆ ಟೇಪ್ ಗೋಂದು ಬಿಟ್ಟು ಜಾರ್ತದೆ, ಇದು ಅವರಿಗೆ ಗೊತ್ತಿಲ್ಲದ್ದಲ್ಲ. ಕೇಳಿದ್ರೆ "ಬೋಟಿಗೂ ಹೀಗೇ ಮಾಡುದು" ಅಂತ. ನಾನು ಮನೆಗೆ ಬಂದು ಬಿಚ್ಚಿ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದೆ. ಮತ್ತೆ ಸೈಡ್ ಕವರಿನ ಒಂದು ಸ್ಕ್ರೂ ಬದಲು ಬೇರೆ ಯಾವುದೋ ಗಾಡಿಯದ್ದು ಬಂದಿದೆ, ತಲೆ ದೊಡ್ಡದು, ನನಗೆ ಪ್ರತೀ ಸಲ ಕಣ್ಣಿಗೆ ಬೀಳ್ತದೆ. ಸಮಯದ ಮಾತಂತೂ ಕೇಳ್ಬೇಡಿ. ನಾಳೆ ಅಂದ್ರೆ ನಾಳೆ ಅಲ್ಲ. ಫೋನ್ ಮಾಡಿದ್ರೆ ಎತ್ತುದಿಲ್ಲ, ಎತ್ತಿದ್ರೂ ಹಿಂದೆ ಗ್ರೈಂಡರ್ ಶಬ್ದದಲ್ಲಿ ಎಂತದೂ ಕೇಳುದಿಲ್ಲ. ಬಿಲ್ ಇಲ್ಲ, ವಾರಂಟಿ ಅನ್ನುವ ಮಾತೂ ಇಲ್ಲ.

ಕೂಲಿ ಮಾತ್ರ ಕೇಳಿದ್ರೆ ನಂಬ್ಲಿಕ್ಕಿಲ್ಲ, ಟೆಸ್ಟಿಂಗ್, ಫಿಟ್ಟಿಂಗ್, ಪಾಯಿಂಟ್ ಸೆಟ್ಟಿಂಗ್ ಎಲ್ಲ ಸೇರಿ 500 ರೂಪಾಯಿ, ಎಚ್‌ಟಿ ವಯರಿಗೆ ಬೇರೆ. ನಾನು ಜಾಸ್ತಿ ಕೊಡ್ಲಿಕ್ಕೆ ಹೋದ್ರೆ ತಗೊಳ್ಳಿಲ್ಲ, ಎದುರಿನ ಹೋಟೆಲಿಂದ ಗೋಳಿಬಜೆ ತರಿಸಿ ಅಂದ್ರು, ಅಷ್ಟೆ. ಆ ಹೋಟೆಲಿನ ಗೋಳಿಬಜೆ ಚಟ್ನಿ ಬೇರೆಯೇ ರಿವ್ಯೂ ಬರೀಬೇಕಾದಷ್ಟು ಒಳ್ಳೇದುಂಟು.

ಗಾಡಿ ಈಗ ಹೇಗುಂಟು ಅಂದ್ರೆ, ಉಡುಪಿವರೆಗೆ ನಿಲ್ಲದೆ ಹೋಗಿ ವಾಪಸ್ ಬಂತು, ಕಾರ್ಕಳದಿಂದ ಮಾಳ ಘಾಟಿ ಹತ್ತಿಸಿದೆ, ಮೇಲೆ ನಿಲ್ಲಿಸಿ ಬಿಸಿ ಇದ್ದಾಗಲೇ ಆಫ್ ಮಾಡಿ ಕಿಕ್ ಹೊಡೆದೆ, ಸ್ಟಾರ್ಟ್. ಮಿಸ್ ಒಂದೂ ಇಲ್ಲ. ಆ ರೀಬೋರ್ ಎಸ್ಟಿಮೇಟ್ ಕಾಗದ ಇನ್ನೂ ನನ್ನ ಟೂಲ್ ಬಾಕ್ಸಲ್ಲಿ ಉಂಟು, ಪಾಯಿಂಟ್ ಒರೆಸ್ಲಿಕ್ಕೆ ಉಪಯೋಗ ಆಗ್ತದೆ.

ಹೋಗುವವರು ತಿಂಗಳು ನೋಡಿಕೊಂಡು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಲ್ವಾ, ಬೋಟೆಲ್ಲ ದಡಕ್ಕೆ ಬಂದಾಗಲೇ ಎಲ್ರೂ ಸೆಲ್ಫು ಡೈನಮೋ ಬಿಚ್ಚಿ ಇಲ್ಲಿಗೆ ತರುದು, ಆಗ ನಿಮ್ಮ ಬೈಕಿಗೆ ಅಂಗಡಿಯೊಳಗೆ ಜಾಗವೇ ಇರುದಿಲ್ಲ. ಜಾವಾ ಡೇ (ಜಾವಾ ಯೆಜ್ಡಿಯವರೆಲ್ಲ ಗಾಡಿ ತಂದು ಸೇರುವ ದಿನ) ಬರುದು ಜುಲೈ ಎರಡನೇ ಭಾನುವಾರ, ಸರಿಯಾಗಿ ಅದೇ ಸೀಸನ್. ಅದಕ್ಕೆ ಗಾಡಿ ರೆಡಿ ಆಗ್ಬೇಕು ಅಂತಿದ್ರೆ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಓಣಿಯಲ್ಲಿ ಮೀನಿನ ಲಾರಿ ಸಿಕ್ಕಿಕೊಂಡ್ರೆ ಗಾಡಿ ಹಿಂದೆ ತೆಗೀಲಿಕ್ಕೂ ಆಗುದಿಲ್ಲ. ಸೈಡ್ ಕವರಿನ ಸ್ಕ್ರೂ ಎಣಿಸಿ ಕೊಡಿ. ಮತ್ತೆ ಬ್ಯಾಟರಿ ಫುಲ್ ಚಾರ್ಜ್ ಮಾಡಿಕೊಂಡೇ ಹೋಗಿ, 6 ವೋಲ್ಟ್ ಬ್ಯಾಟರಿ ಇಳಿದಿದ್ರೆ ಕಾಯಿಲ್ ಟೆಸ್ಟ್ ಮಾಡುದೇ ಇಲ್ಲ ಅವರು, ಚಾರ್ಜಿಗೆ ಹಾಕಿ ನಾಳೆ ಬನ್ನಿ ಅಂತಾರೆ, ಅವರ ನಾಳೆ ಎಂತದ್ದು ಅಂತ ಮೇಲೆ ಹೇಳಿದ್ದೇನಲ್ಲ.